ಪ್ರೇಮಾಬಾಯಿ ಕೈಯೆತ್ತಿದ್ದು

ಪಾಸ್ಟರ್ ಬರುವ ದಾರಿ ಚಾಂದವಡದಲ್ಲಿ ಕಟ್ಟಿಹೋಗಿತ್ತು. ಈರುಳ್ಳಿ ಬೆಲೆ ಬಿತ್ತೆಂದು ರೈತರು ಹೆದ್ದಾರಿಗೆ ಅಡ್ಡಲಾಗಿ ಟ್ರ್ಯಾಕ್ಟರ್ ನಿಲ್ಲಿಸಿದ್ದರು. ಔರಂಗಾಬಾದಿನಿಂದ ಹೊರಟ ಅವರ ಬಸ್ಸು ಬೆಳಗಿನಿಂದ ಅಲ್ಲೇ ನಿಂತಿತ್ತು. ಇತ್ತ ನಾಸಿಕದ ಆಸ್ಪತ್ರೆಯಲ್ಲಿ ಪ್ರೇಮಾಬಾಯಿಯ ಗಂಡ ಧರ್ಮಣ್ಣನ ಉಸಿರು ಇಳಿಯುತ್ತಿತ್ತು. ಊರಂಚಿನ ಅಂಬಡದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದವನು ಮೂರು ದಿನದ ಹಿಂದೆ ಊಟದ ಡಬ್ಬಿ ಬಿಚ್ಚುತ್ತಿದ್ದಾಗಲೇ ಕುಸಿದಿದ್ದ. ಮಿದುಳಿನ ರಕ್ತನಾಳ ಒಡೆದಿದೆ ಎಂದರು. ಇನ್ನು ಒಂದೆರಡು ತಾಸು ಅಷ್ಟೇ ಎಂದು ಡಾಕ್ಟರು ಈಗಷ್ಟೇ ಹೇಳಿ, ಆಕೆಯ ಮುಖ ನೋಡದೆ ಹೊರಟುಹೋಗಿದ್ದರು.

ಬೀದರ ಕಡೆಯ ಆ ಮೆಥೊಡಿಸ್ಟ್ ಕ್ರೈಸ್ತ ಮನೆತನದಲ್ಲಿ ಪಾಸ್ಟರ್ ಹೇಳುವ ಆಶೀರ್ವಾದವಿಲ್ಲದೆ ಕಣ್ಣು ಮುಚ್ಚಿದವರಿಲ್ಲ. ಮರಳುಗಾಡಿನಲ್ಲಿ ಬೈಬಲಿನ ಯಾಜಕ ಆರೋನ ಇಬ್ರಿಯ ಜನರ ಮೇಲೆ ಕೈಯೆತ್ತಿ ಹೇಳಿದ ಮೂರೇ ಮೂರು ಸಾಲು ಅದು. ಪ್ರತಿ ಭಾನುವಾರ ಆರಾಧನೆಯ ಕೊನೆಗೆ ಪಾಸ್ಟರ್ ಕೈಯೆತ್ತುತ್ತಿದ್ದರು, ಉಳಿದವರು ತಲೆ ಬಗ್ಗಿಸುತ್ತಿದ್ದರು. ಉಪದೇಶದ ಉದ್ದಕ್ಕೂ ತೂಕಡಿಸುವ ಧರ್ಮಣ್ಣ ಸರಿಯಾಗಿ ಆ ಹೊತ್ತಿಗೆ ಎಚ್ಚರಾಗಿ, "ನನ್ನ ಪಾಲು ಅಷ್ಟೇ ನೋಡು" ಎಂದು ನಗುತ್ತಿದ್ದ. ಆ ಪಾಲೂ ಇವತ್ತು ತಪ್ಪುತ್ತದಲ್ಲ ಎಂದು ಪ್ರೇಮಾಬಾಯಿ ಮತ್ತೆ ಮತ್ತೆ ಮೊಬೈಲ್ ನೋಡಿದಳು.

ಫೋನು ಬಂತು. "ದಾರಿ ಬಿಡೂ ಹಂಗ ಕಾಣಂಗಿಲ್ರಿ ಅಕ್ಕಾ. ನೀವೇ ಹೇಳಿಬಿಡ್ರಿ," ಎಂದರು ಪಾಸ್ಟರ್.

"ಕೈ ಎತ್ತಲಿಕ್ಕ ನಾ ಯಾರ್ರಿ ಅಯ್ಯನೋರ?"

"ಕೊಡಾಂವ ದೇವರು ಅಲ್ರಿ? ನಾನೂ ಬರೇ ಹೇಳಾಂವ."

ಐಸಿಯು ಒಳಗೆ ಮೊಬೈಲ್ ಒಯ್ಯುವಂತಿರಲಿಲ್ಲ. ಅದನ್ನು ನರ್ಸಿನ ಕೈಗಿತ್ತು, ಕಾಲೇಜಿಗೆ ಹೋಗುವ ಮಗಳು ಪ್ರಾಚಿಯ ಜತೆ ಆಕೆ ಗಂಡನ ಹಾಸಿಗೆಯ ಬಳಿ ನಿಂತಳು. ಅವನ ಹಣೆಯ ಮೇಲೆ ಕೈಯಿಟ್ಟಳು.

"ದೇವರು ನಿಮ್ಮನ್ನ ಹರಸಲಿ..."

ಮುಂದಿನ ಮಾತು 'ಕಾಪಾಡಲಿ'. ಮೂರು ದಿನ ಹಗಲಿರುಳು ಆಕೆ ಅದನ್ನೇ ಬೇಡಿದ್ದಳು. ಕಾಪಾಡದವನ ಹೆಸರಿನಲ್ಲಿ ಯಾವ ಬಾಯಿಂದ ಕಾಪಾಡಲಿ ಎನ್ನುವುದು? ದೇವರ ಮೇಲೆ ಆಕೆಗೆ ಸಿಟ್ಟು ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಕೈ ತೆಗೆದುಬಿಟ್ಟಳು.

ಹಾಳು ಕಣ್ಣು ಗಂಡನ ಬೆರಳುಗಳ ಮೇಲೆ ಬಿತ್ತು. ನರ್ಸುಗಳು ಎಷ್ಟು ಒರೆಸಿದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ಇನ್ನು ಈತ ಹೋಗುವ ಕಡೆ ತಾನು ಹಿಂದೆ ಹೋಗಿ ನೀರು ಕಾಯಿಸಿ ಕೊಡಲಾರೆ, ಸ್ವೆಟರ್ ಹಾಕಿಕೊಳ್ಳಿ ಎಂದು ಬೈಯಲಾರೆ. ಯಾರಾದರೂ ನೋಡಿಕೊಳ್ಳಬೇಕಲ್ಲ. ಆಕೆ ಎರಡೂ ಕೈ ಎತ್ತಿದಳು. ಮಾತು ಜಗಳದ ದನಿಯಲ್ಲೇ ಬಂತು.

"ಕಾಪಾಡಲಿ. ಕಾಪಾಡಬೇಕು. ತನ್ನ ಮುಖದ ಬೆಳಕು ನಿಮ್ಮ ಮ್ಯಾಲ ಇಡಲಿ, ದಯಾ ತೋರಿಸಲಿ. ನಿಮ್ಮ ಕಡೆ ನೋಡಿ, ನಿಮಗ ಶಾಂತಿ ಕೊಡಲಿ."

ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಧರ್ಮಣ್ಣ ಹೋದ.

ಪ್ರೇಮಾಬಾಯಿ ಹೊರಗಿನ ಪಡಸಾಲೆಗೆ ಬಂದಳು. ನೆಲಕ್ಕೆ ಕುಕ್ಕರಿಸಿ ಬಾಯಿಬಿಟ್ಟು ಅಳಬೇಕೆನ್ನಿಸಿತು. ಅಷ್ಟರಲ್ಲಿ ಪ್ರಾಚಿ ಅಮ್ಮನ ಎದುರಿಗೆ ಬಂದು ನಿಂತಳು. ಅಪ್ಪ ಎಷ್ಟು ಕಾಡಿಸಿದರೂ ಮರಾಠಿ ಬಿಟ್ಟು ಮಾತಾಡದ ಹುಡುಗಿ, ಒಂದೊಂದೇ ಕನ್ನಡ ಮಾತು ಹುಡುಕಿ ಹೇಳಿದಳು. "ಆಯಿ, ನನಗ ಭೀತಿ ಆಗ್ತದ. ನನಗೂ ಹೇಳು." ಹೇಳಿ ತಲೆ ಬಗ್ಗಿಸಿದಳು.

ಪ್ರೇಮಾಬಾಯಿ ಗೋಡೆಗೆ ಬೆನ್ನು ಆನಿಸಿ ನಿಂತಳು. ಕೈಯನ್ನು ಮಗಳ ತಲೆಯ ಮೇಲಿಟ್ಟಳು.

"ದೇವರು ನಿನ್ನ ಹರಸಲಿ, ಕಾಪಾಡಲಿ," ಎಂದಳು. ಕೊನೆಯ ಸಾಲು ಮುಗಿಯುವವರೆಗೂ ಆಕೆ ಅಳಲಿಲ್ಲ.