ಖಾಲಿ ಇದ್ದರೆ ಸೊನ್ನೆ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದೀಪದಕ್ಕ ಎಂದು. ಅವಳು ಹಚ್ಚುತ್ತಿದ್ದದ್ದು ಎಣ್ಣೆ ದೀಪವಲ್ಲ. ಹಿಂಭಾಗದ ಕೊಳಚೆ ತೊಟ್ಟಿಗಳೊಳಗೆ ವಿಷಗಾಳಿ ಅಳೆಯುವ ಸೆನ್ಸರ್‌ಗಳಿದ್ದವು. ಅವು ಕಳಿಸಿದ್ದೆಲ್ಲ ಒಂದು ಸಿಎಸ್‌ವಿ ಫೈಲಿನಲ್ಲಿ ಸಾಲುಸಾಲಾಗಿ ಬಂದು ಕೂರುತ್ತಿತ್ತು: ತೊಟ್ಟಿಯ ಹೆಸರು, ಒಂದು ಕಾಮಾ, ಗಾಳಿಯ ಅಳತೆ, ಮತ್ತೊಂದು ಕಾಮಾ, ಒಳಗಿನ ಬಿಸಿ. ಅವಳು ಬರೆದ ಪ್ರೋಗ್ರಾಂ ಸಾಲನ್ನು ಓದಿ, ಕಾಮಾ ಇದ್ದಲ್ಲಿ ಕತ್ತರಿಸಿ, ಗಾಳಿಯ ಅಳತೆ ಕಡಿಮೆಯಿದ್ದರೆ ತೊಟ್ಟಿಯ ಬಾಯಲ್ಲಿ ಹಸಿರು ದೀಪ ಹಚ್ಚುತ್ತಿತ್ತು, ಹೆಚ್ಚಿದ್ದರೆ ಕೆಂಪು.

"ನನ್ನ ಜೀವ ನಿನ್ನ ದೀಪದಲ್ಲಿದೆ ಕಣಕ್ಕ, ಎಣ್ಣೆ ಹಾಕೋದು ಮರೀಬೇಡ," ಎನ್ನುತ್ತಿದ್ದ ಉದ್ದಣ್ಣ. ತೊಟ್ಟಿಗಿಳಿದು ಕೆಸರು ಬಾಚುವವನು ಅವನು. ಬಾಗದೆ ಯಾವ ಬಾಗಿಲನ್ನೂ ದಾಟಿದವನಲ್ಲ. ಶೆಡ್ಡಿನಲ್ಲಿ ನೊಣ ಮುತ್ತುತ್ತವೆಂದು ಊಟದ ಡಬ್ಬಿಯನ್ನು ದಿನಾ ಅವಳ ಕೋಣೆಯ ಕಪಾಟಿನಲ್ಲಿಟ್ಟು ಹೋಗುತ್ತಿದ್ದ.

ಮೊನ್ನೆ ಮೂಲೆಯ ತೊಟ್ಟಿಗೆ ಒಬ್ಬನೇ ಇಳಿದವನನ್ನು ಹಗ್ಗ ಹಾಕಿ ಎತ್ತಬೇಕಾಯಿತು. ಎತ್ತಿದಾಗ ಉಸಿರಿರಲಿಲ್ಲ.

ಯಾಕೆಂದು ಅವಳಿಗೆ ಫೈಲು ತೆರೆದ ಕೂಡಲೇ ಗೊತ್ತಾಯಿತು. ಮೂಲೆಯ ತೊಟ್ಟಿಯ ಸೆನ್ಸರ್ ತುಕ್ಕು ಹಿಡಿದು ಅವನಿಗಿಂತ ಮೊದಲೇ ಸತ್ತಿತ್ತು. ಗಾಳಿಯ ಅಳತೆ ಇರಬೇಕಾದ ಕಡೆ ಎರಡು ಕಾಮಾಗಳು ಮೈಗೆ ಮೈ ತಾಗಿಸಿ ನಿಂತಿದ್ದವು. ನಡುವೆ ಖಾಲಿ. ಹಿಂದೊಮ್ಮೆ ಹೀಗೇ ಆದಾಗ ಪ್ರೋಗ್ರಾಂ ಆ ಖಾಲಿಯನ್ನು ಸಂಖ್ಯೆ ಮಾಡಲಾರದೆ ಮುಗ್ಗರಿಸಿ ನಿಂತಿತ್ತು. ಎಲ್ಲ ದೀಪಗಳೂ ಆರಿ, ಕೆಲಸ ಕೆಟ್ಟು, ಮ್ಯಾನೇಜರ್ ಎಲ್ಲರೆದುರು ಅವಳ ಬೆವರಿಳಿಸಿದ್ದರು. ಅವತ್ತೇ ಅವಳು ಒಂದು ಸಾಲು ಸೇರಿಸಿದಳು: ಖಾಲಿ ಇದ್ದರೆ ಸೊನ್ನೆ ಎಂದುಕೋ. ಆಮೇಲೆ ಪ್ರೋಗ್ರಾಂ ಎಲ್ಲೂ ನಿಲ್ಲಲಿಲ್ಲ. ಮ್ಯಾನೇಜರೇ ಬಂದು ಶಹಭಾಸ್ ಎಂದರು. 'ಗೊತ್ತಿಲ್ಲ' ಎನ್ನಬೇಕಾದ ಪ್ರೋಗ್ರಾಂ 'ಏನೂ ಇಲ್ಲ' ಎನ್ನತೊಡಗಿತು. ವಿಷ ಸೊನ್ನೆ. ದೀಪ ಹಸಿರು.

ಈಗ ಅದೇ ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.

"ನೋಡಮ್ಮ, ತನಿಖೆಯವರು ಮಧ್ಯಾಹ್ನ ಬರ್ತಾರೆ. ಫೈಲು ಕೇಳ್ತಾರೆ. ಆ ಜಾಗ ಖಾಲಿ ಇದ್ರೆ ಚೆನ್ನಾಗಿರಲ್ಲ."

"ಚೆನ್ನಾಗಿಲ್ಲ ಸರ್, ನಿಜ."

"ತೊಂಬತ್ತು ಅಂತ ತುಂಬು. ತೊಂಬತ್ತಾದ್ರೆ ದೀಪ ಕೆಂಪು. ಕೆಂಪು ನೋಡಿಯೂ ಇಳಿದ, ಹಟಮಾರಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಅವನು ಹಟಮಾರಿ ಅಲ್ಲ ಸರ್."

"ಸತ್ತವನಿಗೆ ಏನಂದ್ರೂ ಕೇಳಿಸಲ್ಲ. ನಿನಗೆ ಕೇಳಿಸುತ್ತೆ. ಆ ಸೊನ್ನೆ ಬರೆದವರು ಯಾರು ಅಂತ ಅವರು ಕೇಳಿದ್ರೆ ನಾನು ಯಾರ ಕಡೆ ಬೆರಳು ತೋರಿಸ್ಲಿ?"

ಬಾಗಿಲೆಳೆದುಕೊಂಡು ಹೋದರು.

ಫೈಲು ಓದುವುದಕ್ಕೆ ಬುದ್ಧಿ ಬೇಕು, ತಿದ್ದುವುದಕ್ಕೆ ಬೆರಳು ಸಾಕು. ಹರಿದ ಬಟ್ಟೆಯನ್ನು ಹೊಲಿದರೆ ಹೊಲಿಗೆ ಕಾಣುತ್ತದೆ. ಇಲ್ಲಿ ಅದೂ ಇಲ್ಲ. ಅವಳು ಎರಡು ಕಾಮಾಗಳ ನಡುವೆ ಕರ್ಸರ್ ಇಟ್ಟು ಒಂಬತ್ತನ್ನು ಒತ್ತಿದಳು. ಇನ್ನು ಒಂದು ಸೊನ್ನೆ ಒತ್ತಬೇಕು, ಅಷ್ಟರಲ್ಲಿ ಬಾಗಿಲು ಸರಿಯಿತು.

ಉದ್ದಣ್ಣನ ಹೆಂಡತಿ. ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವವಳು. ಗಂಡನ ಡಬ್ಬಿಗೆ ಬಂದಿದ್ದಳು. ಎತ್ತಿಕೊಂಡವಳು ತೂಕಕ್ಕೆ ಒಂದು ಕ್ಷಣ ತಡೆದಳು. ಅವತ್ತಿನ ಊಟ ಒಳಗೆ ಹಾಗೇ ಇತ್ತು.

"ದೀಪ ಕೆಂಪಗಿತ್ತಂತೆ. ಹೌದೇನಕ್ಕ?" ಎಂದಳು. "ಆಫೀಸಿನವರೆಲ್ಲ ಹಾಗೇ ಹೇಳ್ತಿದ್ದಾರೆ. ಮಗಳು ನಿನ್ನೆಯಿಂದ ಒಂದೇ ಕೇಳ್ತಾಳೆ, ಅಪ್ಪ ಬೇಕಂತಲೇ ಹೋದ್ರಾ ಅಂತ."

ದೀಪದಕ್ಕನ ಕೈ ತಾನಾಗಿಯೇ ಹೋಗಿ ಒಂಬತ್ತನ್ನು ಅಳಿಸಿತು.

"ಹಸಿರಿತ್ತು. ಸೆನ್ಸರ್ ಕೆಟ್ಟಿತ್ತು. ಕೆಟ್ಟಿದ್ರೂ ಹಸಿರು ತೋರಿಸೋ ಹಾಗೆ ಬರೆದವಳು ನಾನು."

ಆ ಹೆಂಗಸು ಅಳಲಿಲ್ಲ, ಬೈಯಲಿಲ್ಲ.

"ಇದನ್ನ ತನಿಖೆಯವರ ಮುಂದೆ ಹೇಳ್ತೀಯಾ?" ಅಕ್ಕ ಎಂಬ ಮಾತು ಬಿದ್ದುಹೋಗಿತ್ತು.

"ಹೇಳ್ತೀನಿ."

"ನಮ್ಮನೆಯವರೂ ನಿನ್ನ ನಂಬಿಯೇ ಇಳಿದಿದ್ದು." ಸ್ಟೂಲನ್ನು ಕಂಪ್ಯೂಟರಿಗೆ ಎದುರಾಗಿ ಎಳೆದು, ಡಬ್ಬಿಯನ್ನು ಮಡಿಲಲ್ಲಿಟ್ಟು ಕೂತಳು. "ಅವರು ಬರೋ ತನಕ ನಾನಿಲ್ಲೇ ಇರ್ತೀನಿ. ಕೈ ತೆಗಿ ಅದರ ಮೇಲಿಂದ."

ದೀಪದಕ್ಕ ಎರಡೂ ಕೈಗಳನ್ನು ತೆಗೆದಳು. ಪರದೆಯ ಮೇಲೆ ಕಾಮಾಗಳು ಮೊದಲಿನಂತೆ ಅಂಟಿಕೊಂಡು ನಿಂತಿದ್ದವು. ಕಿಟಕಿಯಾಚೆ, ಸುತ್ತ ಹಗ್ಗ ಕಟ್ಟಿದ್ದ ಮೂಲೆಯ ತೊಟ್ಟಿಯ ಬಾಯಲ್ಲಿ, ಹಸಿರು ದೀಪ ತಣ್ಣಗೆ ಉರಿಯುತ್ತಲೇ ಇತ್ತು. ಅದನ್ನು ಆ ಹೆಂಗಸೂ ನೋಡಿದಳು.

"ಆರಿಸ್ಲಾ?" ಎಂದಳು ದೀಪದಕ್ಕ.

"ಬೇಡ. ಅವರೂ ನೋಡ್ಲಿ."