ಅಳತೆಗೆ ಒಯ್ದ ಪ್ರೊಸೆಸರ್

ಹಂಸಳಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ: ಗೊತ್ತಿದ್ದವಳ ಹಾಗೆ ತಲೆಯಾಡಿಸುವುದು. ಬಿ.ಎಸ್ಸಿ. ಪಾಸಾದದ್ದೂ ಅದರ ಬಲದಿಂದಲೇ ಎಂದು ಡೈರಿಯಲ್ಲಿ ತಾನೇ ಬರೆದುಕೊಂಡಿದ್ದಳು.

೧೯೯೯ರ ಒಂದು ಶುಕ್ರವಾರ, ಅವಳು ಟೈಪಿಂಗ್ ಕೆಲಸಕ್ಕಿದ್ದ ಹೊಳೆನರಸೀಪುರದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠದ ಮಿಷನ್ನಿನ ಪ್ರೊಸೆಸರ್ ಸುಟ್ಟುಹೋಯಿತು. ಯಜಮಾನರಾದ ಸಂಪತ್ಕುಮಾರ್ ಹೇಳಿದರು: "ಸೋಮವಾರದೊಳಗೆ ಇದು ಎದ್ದು ಕೂತರೆ ಹೊಸ ಬ್ಯಾಚ್ ನಿನಗೇ ಕಣಮ್ಮ. ಇಲ್ದಿದ್ರೆ ನೀನು ಟೈಪಿಂಗ್ ಮಾಡ್ಕೊಂಡಿರು, ಪಾಠಕ್ಕೆ ಬೇರೆಯವರನ್ನ ಕರೆಸ್ತೀನಿ."

ಹಂಸ ತಲೆಯಾಡಿಸಿದಳು.

"ಅಂಗಡಿಗೆ ಸುಟ್ಟದ್ದನ್ನೇ ತಗೊಂಡು ಹೋಗೇ," ಎಂದರು ಮನೆಯಲ್ಲಿ ತಾಯಿ ಕಾವೇರಮ್ಮ. "ಟೈಲರಿಗೆ ಅಳತೆ ರವಿಕೆ ಕೊಡಲ್ವಾ, ಹಾಗೆ. ನೀನು ಬಾಯಿ ಬಿಡೋದೇ ಬೇಡ."

ಕ್ಯಾಸೆಟ್ಟಿನಷ್ಟಗಲದ ಆ ಸುಟ್ಟ ಪ್ರೊಸೆಸರನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಶನಿವಾರ ಹಾಸನಕ್ಕೆ ಹೋದಳು. ಕಂಪ್ಯೂಟರ್ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು ವ್ಯಾಪಾರಕ್ಕೆ ನಿಂತಿದ್ದರು. ಅವರೆದುರು ಅದನ್ನು ತೆಗೆಯುವುದೆಂದರೆ ಗಂಡಸರ ನಡುವೆ ಹಳೇ ರವಿಕೆ ಬಿಡಿಸಿ ಹಿಡಿದಂತೆಯೇ ಅನ್ನಿಸಿತು. ಅದರ ಹೆಸರು ಮಾತ್ರ ಉಸುರಿದಳು.

"ಸೆಲೆರಾನ್ ಮುನ್ನೂರ ಮೂವತ್ಮೂರಾ?" ಎಂದ ಅಂಗಡಿಯ ಅಶೋಕ. "ಬೋರ್ಡು ಸ್ಲಾಟಾ, ಸಾಕೆಟ್ಟಾ ಮೇಡಂ?"

ತಲೆ ತಾನೇ ಆಡಿತು.

"ಸಾಕೆಟ್ಟೇ ಇರ್ಬೇಕು ಬುಡಿ. ಈಗೆಲ್ಲ ಅದೇ ಬತ್ತಿರಾದು."

ಊರಿಗೆ ಮರಳುವ ಬಸ್ಸಿನಲ್ಲಿ ಸುಟ್ಟದ್ದನ್ನೂ ಕೊಂಡು ತಂದದ್ದನ್ನೂ ತೊಡೆಯ ಮೇಲಿಟ್ಟು ನೋಡಿದಳು. ಒಂದೇ ಹೆಸರು, ಒಂದೇ ವೇಗ. ಆದರೆ ಹಳೆಯದು ಉದ್ದನೆಯ ಸೀಳಿನಲ್ಲಿ ನೆಟ್ಟಗೆ ನಿಲ್ಲುವಂಥದ್ದು. ಹೊಸದು ಬಿಸ್ಕತ್ತಿನಷ್ಟಗಲ, ಅಡಿಯಲ್ಲೆಲ್ಲ ಸೂಜಿಯಂಥ ಕಾಲು. ಸೆಂಟರಿನ ಬೋರ್ಡಿನಲ್ಲಿ ಇದ್ದದ್ದು ಸೀಳು ಮಾತ್ರ; ಅಶೋಕ ಸ್ಲಾಟು ಎಂದದ್ದು ಅದನ್ನೇ. ಅಳತೆ ಚೀಲದಲ್ಲೇ ಇತ್ತು. ತೋರಿಸುವ ಧೈರ್ಯವೊಂದು ಮನೆಯಲ್ಲೇ ಉಳಿದಿತ್ತು.

ಸಂಪತ್ಕುಮಾರರಿಗೆ ಹೇಳಲು ಮೂರು ಸುಳ್ಳು ಹೊಂದಿಸಿದಳು. ಮೂರಕ್ಕೂ ನಿಜಕ್ಕಿಂತ ಹೆಚ್ಚು ಮಾತಾಡಬೇಕಿತ್ತು. ನಡುದಾರಿಯ ಮೊಸಳೆಹೊಸಹಳ್ಳಿಯಲ್ಲಿ ಇಳಿದು ಮತ್ತೆ ಹಾಸನದ ಬಸ್ಸು ಹಿಡಿದಳು.

ಎರಡನ್ನೂ ಅಶೋಕನ ಮುಂದಿಟ್ಟಳು. "ನೀವು ಕೇಳಿದ್ದು ನನಗೆ ಗೊತ್ತಿರಲಿಲ್ಲ. ಸುಮ್ನೆ ತಲೆಯಾಡಿಸ್ಬಿಟ್ಟೆ."

"ಅಯ್ಯ, ಇದನ್ನ ಆಗ್ಲೇ ತೋರ್ಸಬಾರ್ದಾ? ಸ್ಲಾಟ್ ಮಾಲು ನಮ್ಮತ್ರ ಮುಗ್ದೋಗದೆ. ಆದ್ರೆ ಇದಕ್ಕೊಂದು ಕಾರ್ಡ್ ಬತ್ತದೆ. ಹೊಸದನ್ನ ಕಾರ್ಡಿನ ಮೇಲೆ ಕೂರ್ಸಿ, ಕಾರ್ಡನ್ನ ಸೀಳಿಗೆ ಸಿಗ್ಸಿ. ಗೊತ್ತಾಯ್ತಾ?"

ಕತ್ತು ಅಭ್ಯಾಸಬಲದಿಂದ ಹೊರಟಿತ್ತು. ಹಂಸ ಅದನ್ನು ಅರ್ಧದಲ್ಲೇ ತಡೆದಳು. "ಇಲ್ಲ. ಇನ್ನೊಂದ್ಸಲ ಹೇಳಿ."

ಮೂರು ಸಲ ಹೇಳಿಸಿಕೊಂಡಳು. ನಾಲ್ಕನೆಯದಕ್ಕೆ ಅಶೋಕನೇ ಕೈಮುಗಿದ.

ಭಾನುವಾರ ಸಂಜೆ ಮಿಷನ್ ಎದ್ದು ಕೂತಿತು. ಸಂಪತ್ಕುಮಾರ್ ತೆರೆಯನ್ನೂ ಅವಳನ್ನೂ ಸರದಿಯ ಮೇಲೆ ನೋಡಿದರು.

"ಇದನ್ನೆಲ್ಲ ಎಲ್ಲಿ ಕಲಿತೆ?"

"ಗೊತ್ತಿಲ್ಲ ಅಂತ ಹೇಳಿ ಕಲ್ತೆ ಸರ್."

"ನಾಳೆ ಏಳಕ್ಕೆ ಬ್ಯಾಚ್. ಮೂವತ್ತು ಜನ ಬರ್ತಾರೆ. ಸ್ವಲ್ಪ ಜೋರಾಗಿ ಮಾತಾಡಮ್ಮ, ಹಿಂದಿನ ಬೆಂಚಿಗೂ ಕೇಳ್ಬೇಕು."

ಮನುಷ್ಯರ ಜೊತೆ ಮಾತು ತಪ್ಪಲಿ ಎಂದೇ ಕಂಪ್ಯೂಟರ್ ಕಲಿತಿದ್ದ ಹಂಸ, ಗಂಟಲು ಸರಿಮಾಡಿಕೊಂಡು, "ಆಗಲಿ ಸರ್" ಎಂದಳು.

"ಏನಂದೆ?" ಎಂದರು ಸಂಪತ್ಕುಮಾರ್.