ಗೆರೆಯ ಆಚೆ ಒರ್ಫಾಳ ಊರು

ಅಮೆರಿಕದ ಹವಾಮಾನ ಕಚೇರಿಯಲ್ಲಿ ನಕ್ಷೆಯ ಮೇಲೆ ಗೆರೆ ಎಳೆಯೋದು ನನ್ನ ಕೆಲಸ. ಮುಂದಿನ ಎರಡು ದಿನ ದೇಶದಲ್ಲಿ ಎಲ್ಲೆಲ್ಲಿ ಹಿಮಗಾಳಿ, ಎಲ್ಲೆಲ್ಲಿ ಗುಡುಗು, ಸುಂಟರಗಾಳಿ ಅಂತ ಹೇಳಬೇಕು. ಗೆರೆಯ ಮೇಲ್ಗಡೆ ಹಿಮ, ಕೆಳಗಡೆ ಗುಡುಗು. ಹಿಂದಿನ ಪಾಳಿಯವನು ಎಳೆದ ಗೆರೆಯನ್ನು ಮುಂದಿನವನು ಸುಮ್ಮಸುಮ್ಮನೆ ಅಲ್ಲಾಡಿಸಬಾರದು ಅನ್ನೋದು ನಮ್ಮಲ್ಲೊಂದು ಮರ್ಯಾದೆ. ಗಂಟೆಗೊಂದು ಮಾತಾಡಿದರೆ ಜನ ನಂಬೋದಿಲ್ಲ, ನೋಡಿ. ಆ ಹಾಳು ಮರ್ಯಾದೆಯೇ ಒರ್ಫಾಳನ್ನು ನುಂಗಿತು. ಅಲ್ಲ, ನಾನು ನುಂಗಿದೆ.

ಒರ್ಫಾ ಸ್ಟಕಿ ಕ್ಯಾನ್ಸಸ್‌ನ ಸಣ್ಣ ಊರೊಂದರಲ್ಲಿ ನಮಗಾಗಿ ಪುಕ್ಕಟೆ ಮಳೆ ಅಳೆಯುತ್ತಿದ್ದ ಮುದುಕಿ. ಮೂವತ್ತು ವರ್ಷ, ದಿನಾ ಬೆಳಿಗ್ಗೆ ಏಳಕ್ಕೆ ಅವಳ ಫೋನು ಬರಲೇಬೇಕು. ಮೂರು ವರ್ಷದ ಹಿಂದೆ, ಮಾರ್ಚ್‌ನಲ್ಲಿ, ಹಾಗೇ ಫೋನು ಮಾಡಿದಳು.

"ಲೈಲ್, ಇಲ್ಲಿ ಗುಡುಗ್ತಾ ಇದೆ ಕಣೋ. ಗಾಳಿ ಬೆಚ್ಚಗಿದೆ. ನಿನ್ನ ಗೆರೆ ನಮ್ಮೂರಿನ ಆಚೆಗೆ ತಳ್ಳು."

"ರಾತ್ರಿ ಪಾಳಿಯವನ ಗೆರೆ ಅದು, ಅಲ್ಲಾಡಿಸೋಕಾಗಲ್ಲ. ನಿಮ್ಮ ಕಡೆ ಹಿಮಾನೇ ಒರ್ಫಾ. ಹೋಗಿ ನೆಲಮಾಳಿಗೆ ಬಾಗಿಲಿಗೆ ಹುಲ್ಲಿನ ಪಿಂಡಿ ಒಡ್ಡಿ, ಒಳಗಿನ ಆಲೂಗಡ್ಡೆ ಹೆಪ್ಪುಗಟ್ಟೀತು."

ಒಡ್ಡಿದಳು. ನನ್ನ ಮಾತು ನಂಬಿ ಎಂಟು ಭಾರದ ಪಿಂಡಿ ಒಡ್ಡಿದಳು. ಮಧ್ಯಾಹ್ನ ನಾಲ್ಕಕ್ಕೆ ಸುಂಟರಗಾಳಿ ಬಂದಾಗ, ಒಳಗಿಳಿದು ಜೀವ ಉಳಿಸಿಕೊಳ್ಳಲು ಆರನ್ನು ಎಳೆದು ಹಾಕಿದ್ದಳಂತೆ, ಎರಡು ಉಳಿದಿದ್ದವು. ಪೇಟೆಗೆ ಹೋಗಿದ್ದ ಗಂಡ ಡೆಲ್ಬರ್ಟ್ ವಾಪಸು ಬಂದಾಗ ಆ ಬಾಗಿಲ ಮುಂದೆ ಅವಳ ಹೆಣ ಬಿದ್ದಿತ್ತು.

ಅದಾದ ಮೇಲೆ ಗುಡುಗಿನ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ನನ್ನ ಮೇಜಿನ ಫೋನು ಹೊಡೆದುಕೊಳ್ಳುತ್ತೆ. ಎತ್ತಿದರೆ ಮಾತಿಲ್ಲ. ಮಳೆ ಅಳೆಯುವ ತಗಡಿನ ಡಬ್ಬಿಗೆ ಹನಿ ಬೀಳುವ ಸದ್ದು, ಯಾರೋ ಉಸಿರಾಡುವ ಸದ್ದು, ಅಷ್ಟೇ. ಯಾರಿಗೂ ಹೇಳಿಲ್ಲ. ಹೇಳಿದರೆ ತಲೆ ಕೆಟ್ಟಿದೆ ಅಂತ ಮನೆಗೆ ಕಳಿಸ್ತಾರೆ.

ಇವತ್ತು ಮಾತಾಡಿದಳು. "ಆಚೆಗೆ ತಳ್ಳೋ ಲೈಲ್."

ನಕ್ಷೆ ನೋಡಿದರೆ ರಾತ್ರಿ ಪಾಳಿಯವನ ಗೆರೆ ಆ ಊರಿನ ಕೆಳಗೇ ನಿಂತಿತ್ತು.

"ಬಿಡಿ ಲೈಲ್, ಮುಂದಿನ ಪಾಳಿಯವರು ನೋಡ್ಕೊಳ್ತಾರೆ," ಅಂದಳು ಪಕ್ಕದ ಮೇಜಿನ ಟ್ಯಾಮ್ಸಿನ್. "ನಿಮಗೆ ಆ ಊರಿನ ಹುಚ್ಚು ಹಿಡಿದಿದೆ."

"ಹುಚ್ಚು ಅಂತಲೇ ಇಟ್ಕೋ," ಅಂದು ಗೆರೆಯನ್ನು ನಲವತ್ತು ಮೈಲಿ ಮೇಲಕ್ಕೆ ಎಳೆದೆ.

ಮೂರೂವರೆಗೆ ರಾಡಾರಿನಲ್ಲಿ ಮೋಡ ಗಿರಗಿರ ಸುತ್ತತೊಡಗಿತು, ನೇರ ಡೆಲ್ಬರ್ಟನ ಮನೆ ಕಡೆಗೇ. ಅವನ ಮೊಬೈಲಿಗೆ ಫೋನು ಮಾಡಿದೆ.

"ನೆಲಮಾಳಿಗೆಗೆ ಇಳೀರಿ, ಈಗಲೇ!"

"ನಿನ್ನ ಮಾತು ಕೇಳಿ ಒಬ್ಬಳು ಸತ್ತಿದ್ದು ಸಾಲದೇನೋ? ಆ ಬಾಗಿಲು ನಾನು ಮುಟ್ಟಲ್ಲ. ಅಡುಗೆಮನೇಲೇ ಕೂತಿರ್ತೀನಿ, ಬರೋದು ಬರಲಿ."

"ಹತ್ತೇ ನಿಮಿಷ ಇರೋದು ಯಜಮಾನ್ರೇ. ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳು, ಹೋಗು."

ನನಗೆ ಅಳುವೇ ಬಂದುಬಿಟ್ಟಿತು. "ಹೇಳ್ತಿರೋದು ನಾನಲ್ಲ ರೀ. ಒರ್ಫಾ. ಇವತ್ತು ಬೆಳಿಗ್ಗೆ ಫೋನು ಮಾಡಿದ್ರು."

ಟ್ಯಾಮ್ಸಿನ್ ತಿರುಗಿ ನೋಡಿದಳು. ಆ ಕಡೆ ಕುರ್ಚಿ ಸರಿದ ಸದ್ದು, ಬಾಗಿಲು ಕಿರುಗುಟ್ಟಿದ ಸದ್ದು, ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅವನ ತಲೆಯ ಮೇಲೆ ಮನೆ ಮುರಿದು ಬೀಳುವುದೂ ಕೇಳಿತು.

ನಾಲ್ಕು ದಾಟಿತು. ಕಿವಿಗೊಟ್ಟೆ. ಉಸಿರಿತ್ತು. ಮುದುಕ ಬದುಕಿದ್ದ.

"ಹೋಯ್ತು ಡೆಲ್ಬರ್ಟ್, ಗಾಳಿ ಹೋಯ್ತು. ಹೊರಗೆ ಬನ್ನಿ."

"ನಿನಗೆ ಫೋನು ಮಾಡ್ತಾಳೇನೋ?" ಅಂದ. "ಮೂರು ವರ್ಷ ಆಯ್ತು. ನನಗೆ ಒಂದೇ ಒಂದು ಸಲಾನೂ ಮಾಡಿಲ್ಲ ಕಣೋ."

"ಗುಡುಗಿನ ದಿನ, ಬೆಳಿಗ್ಗೆ ಏಳಕ್ಕೆ ಮಾಡ್ತಾರೆ," ಅಂದೆ.

"ಇನ್ನು ಫೋನಿಡು," ಅಂದ. "ಅವಳು ಮಾಡಿದರೆ ಲೈನು ಖಾಲಿ ಇರಬೇಕು."